ಸೋಪಿನ ಸಾಹುಕಾರ ಕೊಟ್ಟ ಊರು

ಅಂಗಡಿಯವನು ಚಿಲ್ಲರೆ ಇಲ್ಲವೆಂದು ಒಂದು ಪುಟ್ಟ ಲೈಫ್‌ಬಾಯ್ ಸೋಪನ್ನು ನನ್ನ ಚೀಲಕ್ಕೆ ಹಾಕಿದ. ಮನೆಗೆ ಬಂದು ಮೂಸಿದರೆ ಅದೇನೋ ಹೂವಿನ ಘಮ. ಲೈಫ್‌ಬಾಯ್‌ಗೆ ಘಮವೇ! ನಮ್ಮ ಬಚ್ಚಲಲ್ಲಿದ್ದದ್ದು ಇಟ್ಟಿಗೆಯಂಥ ಕೆಂಪು ಗಟ್ಟಿ. ಅಜ್ಜಿ ಅದನ್ನು ದಾರ ಹಾಕಿ ಎರಡು ಹೋಳು ಮಾಡಿ, ಒಂದನ್ನು ಬಚ್ಚಲಿಗಿಟ್ಟು ಇನ್ನೊಂದನ್ನು ಬೀರುವಿಗೆ ಸೇರಿಸುತ್ತಿದ್ದಳು. ಮೈಸೂರು ಸ್ಯಾಂಡಲ್ ನೆಂಟರಿಗೆ, ಲೈಫ್‌ಬಾಯ್ ನಮಗೆ. ಅಜ್ಜಿಯ ತವರಿನಲ್ಲೂ ಇದೇ ಸೋಪಂತೆ, ಅವಳಿನ್ನೂ ಲಂಗ ಉಡುವ ಕಾಲದಿಂದ. ಹಾಗಾದರೆ ನಮ್ಮ ಮುತ್ತಜ್ಜನ ಒಂದೆರಡು ಕಾಸಾದರೂ ಸೋಪಿನ ಸಾಹುಕಾರನ ಕೈಯಿಂದ ಸ್ಟೋರ್ನೊವೇ ಎಂಬ ಊರಿನ ಖಾತೆಗೆ ಹೋಗಿರಲೇಬೇಕು ಎಂಬುದು ನನ್ನ ವಾದ. ಮನೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ.

ಸ್ಟೋರ್ನೊವೇ ಇರುವುದು ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಲೂಯಿಸ್ ದ್ವೀಪದಲ್ಲಿ. ಉಲ್ಲಾಪೂಲ್‌ನಿಂದ ಹಡಗಿನಲ್ಲಿ ಎರಡೂವರೆ ಗಂಟೆ. ನಾವು ಹೋಗಿ ಇಳಿದದ್ದು ಶನಿವಾರ ಸಂಜೆ. ಎಂದರೆ ಮರುದಿನ ಭಾನುವಾರ. ಅಲ್ಲಿಯ ಭಾನುವಾರವೆಂದರೆ ನಮ್ಮ ಮಡಿವಂತರ ಏಕಾದಶಿಯೂ ನಾಚಬೇಕು. ಅಂಗಡಿಗಳು ಬಹುಪಾಲು ಬಂದ್ ಆಗಿದ್ದವು. ಒಗೆದ ಬಟ್ಟೆಯನ್ನು ಹೊರಗೆ ಹರವಿದರೆ ನೆರೆಹೊರೆ ಮುಖ ಸಿಂಡರಿಸುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಭಾನುವಾರ ಉಲ್ಲಾಪೂಲ್‌ಗೆ ಹಡಗು ಹೊರಟದ್ದೇ 2009ರಲ್ಲಿ, ಅದೂ ಊರೆಲ್ಲ ವಾದವಿವಾದವಾದ ಮೇಲೆ. ಮಾಡಲು ಬೇರೇನೂ ಇಲ್ಲದೆ, ಬಂದರಿನ ಆಚೆ ದಡದ ಕೋಟೆಮನೆಯ ತೋಪಿನಲ್ಲಿ ಸುತ್ತಿದೆವು. ಮರವೆಂಬುದೇ ಅಪರೂಪವಾದ ಆ ದ್ವೀಪದಲ್ಲಿ ಅಲ್ಲಿ ಮಾತ್ರ ದಟ್ಟ ಕಾಡು. ಕೋಟೆಮನೆ ಕಟ್ಟಿಸಿದವನು ಜೇಮ್ಸ್ ಮ್ಯಾಥಿಸನ್, ಜಾರ್ಡಿನ್ ಮ್ಯಾಥಿಸನ್ ಕಂಪನಿಯ ಪಾಲುದಾರ. ನಮ್ಮ ದೇಶದ ಅಫೀಮನ್ನು ಚೀನಾಕ್ಕೆ ಮಾರಿದ ದುಡ್ಡಿನಲ್ಲಿ 1844ರಲ್ಲಿ ಇಡೀ ದ್ವೀಪವನ್ನೇ ಕೊಂಡ ಮಹಾನುಭಾವ. ಅವನ ಬಗ್ಗೆ ನನಗೆ ಅಷ್ಟಾಗಿ ಪ್ರೀತಿಯಿಲ್ಲ, ಬಿಡಿ.

ಪ್ರೀತಿಯಿರುವುದು ಆಮೇಲೆ ಬಂದ ಸೋಪಿನವನ ಮೇಲೆ. ಸನ್‌ಲೈಟ್, ಲೈಫ್‌ಬಾಯ್‌ಗಳ ವಿಲಿಯಂ ಲಿವರ್ 1918ರಲ್ಲಿ ಲೂಯಿಸ್ ದ್ವೀಪವನ್ನು ಕೊಂಡ. ಆಗಲೇ ಲಾರ್ಡ್ ಲಿವರ್‌ಹ್ಯೂಮ್ ಆಗಿದ್ದ. ಅರವತ್ತು ದಾಟಿತ್ತು, ಕಿವಿ ಮಂದವಾಗಿತ್ತು. ಮನೆಯೊಳಗೆ ಮಲಗಿದರೆ ನಿದ್ದೆ ಬಾರದು, ಚಾವಣಿಯ ಮೇಲೆ ಬಯಲಲ್ಲೇ ಹಾಸಿಗೆ. ಇಂಥವನ ತಲೆಯಲ್ಲಿ ಸಣ್ಣ ಯೋಚನೆ ಹುಟ್ಟುವುದಾದರೂ ಹೇಗೆ? ಸ್ಟೋರ್ನೊವೇ ಮೀನಿನ ಮಹಾನಗರವಾಗಬೇಕು. ಹೆರಿಂಗ್ ಮೀನಿನ ಹಿಂಡು ಎಲ್ಲಿದೆಯೆಂದು ವಿಮಾನದಿಂದ ನೋಡಿ ದೋಣಿಗಳಿಗೆ ತಿಳಿಸಬೇಕು. ಐಸ್ ಕಾರ್ಖಾನೆ, ಡಬ್ಬಿ ಕಾರ್ಖಾನೆ, ರೈಲು ಎಲ್ಲ ಬರಬೇಕು. ಹಿಡಿದ ಮೀನು ಮಾರಲು ಬ್ರಿಟನ್ ತುಂಬ ಮ್ಯಾಕ್ ಫಿಶರೀಸ್ ಹೆಸರಿನ ನೂರಾರು ಅಂಗಡಿಗಳನ್ನು ತೆರೆದೂ ಬಿಟ್ಟ.

ಊರಿನವರು ಚಪ್ಪಾಳೆ ತಟ್ಟಿದರು. ಹಳ್ಳಿಯವರು ತಟ್ಟಲಿಲ್ಲ. ಅವರಿಗೆ ಬೇಕಾದದ್ದು ಬೇರೆ. ಯುದ್ಧಕ್ಕೆ ಹೋಗಿ ಬನ್ನಿ, ಭೂಮಿ ಕೊಡುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತ್ತು. ಹೋದವರಲ್ಲಿ ಎಷ್ಟೋ ಮಂದಿ ಬರಲೇ ಇಲ್ಲ. ಯುದ್ಧ ಮುಗಿಸಿ ಬದುಕಿ ಬಂದವರನ್ನು ಕರೆತರುತ್ತಿದ್ದ ‘ಅಯೊಲೇರ್’ ಹಡಗು 1919ರ ಹೊಸ ವರ್ಷದ ಬೆಳಗಿನ ಜಾವ ಸ್ಟೋರ್ನೊವೇ ಬಂದರಿನ ಬಾಗಿಲಲ್ಲೇ ಬಂಡೆಗೆ ಬಡಿದು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ದಡ ಕೆಲವೇ ಮಾರು ದೂರದಲ್ಲಿತ್ತು. ಇದರ ಬಗ್ಗೆ ಅಲ್ಲಿಯ ಮನೆಗಳಲ್ಲಿ ದಶಕಗಟ್ಟಲೆ ಯಾರೂ ಬಾಯಿ ಬಿಡಲಿಲ್ಲವಂತೆ. ನಾನೂ ಹೆಚ್ಚು ಹೇಳಲಾರೆ.

ಉಳಿದವರು ಕಾಲ್, ಗ್ರೆಸ್ ಹಳ್ಳಿಗಳ ದೊಡ್ಡ ಫಾರಂಗಳಿಗೆ ನುಗ್ಗಿ ತಮ್ಮ ತಮ್ಮ ತುಂಡು ಗುರುತು ಹಾಕಿಕೊಂಡರು. ಆ ಫಾರಂಗಳು ನನಗೆ ಬೇಕು, ಇಲ್ಲದಿದ್ದರೆ ಸ್ಟೋರ್ನೊವೇ ಮಕ್ಕಳಿಗೆ ಹಾಲೆಲ್ಲಿಂದ ತರಲಿ ಎಂದ ಸಾಹುಕಾರ. ಸಾಮ್ರಾಜ್ಯದ ತುಂಬ ಸೋಪು ಮಾರಿದವನು ಹಾಲಿನ ವಿಷಯಕ್ಕೆ ಹಟ ಹಿಡಿದು ಕೂತ! ಗ್ರೆಸ್ ಸೇತುವೆಯ ಬಳಿ ಜನ ಸೇರಿಸಿ ತಾನೇ ಭಾಷಣ ಮಾಡಿದ. ಮಾತಿನ ಮಲ್ಲ, ಸೇರಿದವರು ಕರಗತೊಡಗಿದರಂತೆ. ಅಷ್ಟರಲ್ಲಿ ಒಬ್ಬ ಎದ್ದು ನಿಂತು, ಮಾತೆಲ್ಲ ಚೆನ್ನಾಗಿದೆ, ಭೂಮಿ ಕೊಡುತ್ತೀರೋ ಇಲ್ಲವೋ ಎಂಬ ಅರ್ಥದ ಪ್ರಶ್ನೆ ಹಾಕಿದ. ಇಲ್ಲ ಎಂದ ಸಾಹುಕಾರ. ಆ ದಿನ ಅಲ್ಲಿದ್ದಿದ್ದರೆ ನಾನು ಯಾರ ಕಡೆ ನಿಲ್ಲುತ್ತಿದ್ದೆನೋ! ಮಾತಿಗೆ ಮರುಳಾಗುವವನು ನಾನು. ಈಗ ಕುರ್ಚಿಯಲ್ಲಿ ಕೂತು ಪ್ರಶ್ನೆ ಹಾಕಿದವನ ಕಡೆ ನಿಲ್ಲುವುದು ಸುಲಭ.

ಭೂಮಿಯ ಮಾತು ಬಂತು ಎಂದು ಇನ್ನೊಬ್ಬನ ನೆನಪು. ನಮ್ಮ ಮೈಸೂರು ಸೀಮೆಯನ್ನು ಟಿಪ್ಪು ಸತ್ತ ಮೇಲೆ ಮೊದಲ ಬಾರಿ ಅಂಗುಲ ಅಂಗುಲ ಅಳೆಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಇದೇ ಸ್ಟೋರ್ನೊವೇಯಲ್ಲಿ. ಥಾಮಸ್ ಹಿಕ್ಕಿ 1816ರಲ್ಲಿ ಬರೆದ ಅವನ ಚಿತ್ರದಲ್ಲಿ ಕೆಂಪು ಕೋಟಿನ ಹಿಂದೆ, ದೂರದ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ ನಿಂತಿದ್ದಾನೆ. ಪಕ್ಕದಲ್ಲಿ ಅವನಿಗೆ ಹಳಗನ್ನಡ ಶಾಸನಗಳನ್ನು ಓದಿ ಹೇಳುತ್ತಿದ್ದ ಜೈನ ಪಂಡಿತ ಧರ್ಮಯ್ಯ. ಮೆಕೆಂಜಿ ಊರಿಗೆ ಮರಳಲೇ ಇಲ್ಲ. 1821ರಲ್ಲಿ ಬಂಗಾಳದಲ್ಲಿ ತೀರಿಕೊಂಡ. ಆ ಊರಿನವರಿಗೆ ಹೊರಡುವುದು ಹೊಸತಲ್ಲ. 1923ರ ಏಪ್ರಿಲ್‌ನಲ್ಲಿ ‘ಮೆಟಗಾಮ’ ಎಂಬ ಹಡಗು ಸುಮಾರು ಮುನ್ನೂರು ಜನರನ್ನು, ಬಹುಪಾಲು ಹರೆಯದವರನ್ನು, ಸ್ಟೋರ್ನೊವೇಯಿಂದ ಕೆನಡಾಕ್ಕೆ ಹೊತ್ತೊಯ್ದಿತು.

ಅಷ್ಟರಲ್ಲಿ ಸೋಪಿನವನ ಕೈಯೂ ಸೋತಿತ್ತು. ಹೆರಿಂಗ್ ಕೊಳ್ಳುತ್ತಿದ್ದ ರಷ್ಯ, ಜರ್ಮನಿಗಳ ಮಾರುಕಟ್ಟೆ ಯುದ್ಧದಲ್ಲಿ ಮುರಿದುಬಿದ್ದಿತ್ತು, ಕಂಪನಿಗೂ ಸಾಲದ ಬಿಸಿ. ಅದೇ ವರ್ಷ ಅವನು ಮಾಡಿದ್ದು ಮಾತ್ರ ಸೋಜಿಗ: ದ್ವೀಪವನ್ನು ಅಲ್ಲಿನ ಜನಕ್ಕೇ ಪುಕ್ಕಟೆ ಕೊಡುತ್ತೇನೆಂದ. ಕೋಟೆಮನೆ, ತೋಪು, ಸುತ್ತಲ ಪ್ಯಾರಿಷ್ ಸಮೇತ ಸ್ಟೋರ್ನೊವೇ ಊರು ಒಪ್ಪಿಕೊಂಡಿತು. ಅಂದು ಹುಟ್ಟಿದ ಸ್ಟೋರ್ನೊವೇ ಟ್ರಸ್ಟ್ ಇಂದಿಗೂ ಇದೆ. ಅದರ ಟ್ರಸ್ಟಿಗಳನ್ನು ಊರವರೇ ಮತ ಹಾಕಿ ಆರಿಸುತ್ತಾರೆ. ತಮ್ಮ ಜಮೀನ್ದಾರನನ್ನು ತಾವೇ ಚುನಾಯಿಸುವ ಭಾಗ್ಯ! ಹೊರಗಿನ ಹಳ್ಳಿಗಳವರು, ಭೂಮಿಗಾಗಿ ಬೇಲಿ ಮುರಿದವರ ನೆಂಟರಿಷ್ಟರೇ, ಬಹುಪಾಲು ಬೇಡವೆಂದರು. ಹುಚ್ಚರಲ್ಲ. ಗೇಣಿ ಹಿಡುವಳಿಗೆ 1886ರ ಕಾನೂನಿನ ರಕ್ಷಣೆ ಇತ್ತು, ಯಾರೂ ಎಬ್ಬಿಸುವಂತಿರಲಿಲ್ಲ. ಮಾಲೀಕರಾದರೆ ಮಾಲೀಕನ ತೆರಿಗೆಯೂ ತಮ್ಮ ತಲೆಗೇ. ಬಿಟ್ಟಿ ಸಿಕ್ಕಿದ್ದನ್ನು ಕೂತು ಲೆಕ್ಕ ಹಾಕಿ ಬೇಡವೆಂದ ರೈತರನ್ನು ನಾನು ಬೇರೆಲ್ಲೂ ಕೇಳಿಲ್ಲ. ನನಗೆ ಅವರ ಮೇಲೆ ಮೋಹ ಹುಟ್ಟಿದ್ದೇ ಇಲ್ಲಿ.

ಲಿವರ್‌ಹ್ಯೂಮ್ ಪಕ್ಕದ ಹ್ಯಾರಿಸ್‌ನಲ್ಲಿ ಹೊಸ ಬಂದರು ಕಟ್ಟಲು ಹೊರಟು, 1925ರಲ್ಲಿ ತೀರಿಕೊಂಡ. ಉತ್ತರಕ್ಕೆ ಅವನು ಹಾಕಿಸಿದ ರಸ್ತೆ ಟಾಲ್ಸ್ಟಾ ದಾಟಿ ಒಂದು ಸೇತುವೆ ಹಾರಿ ಪೀಟ್ ಮಣ್ಣಿನಲ್ಲಿ ಕಾಣೆಯಾಗುತ್ತದೆ. ಹೋಗಬೇಕಿದ್ದದ್ದು ನೆಸ್‌ಗೆ. ಆ ನೆಸ್ ಕಡೆಯ ಹಳ್ಳಿಗಳು ತಮ್ಮ ಗ್ಯಾಲ್ಸನ್ ಎಸ್ಟೇಟನ್ನು 2007ರಲ್ಲಿ ತಾವೇ ಸೇರಿ ಕೊಂಡವು, ಈ ಸಲ ದುಡ್ಡು ಕೊಟ್ಟು. ಈಗ ಅಲ್ಲಿ ಹಳ್ಳಿಗರದೇ ಗಾಳಿಯಂತ್ರಗಳು ವಿದ್ಯುತ್ ಮಾರುತ್ತಿವೆ. ತೆರಿಗೆ ಕಟ್ಟಿಯೂ ಒಂದಿಷ್ಟು ಉಳಿಯುತ್ತದಂತೆ.