ರಾಬರ್ಟ್‌ಸನ್‌ಪೇಟೆಯ ಗಾಜಿನ ಕೆರೆ

ಬೆಂಗಳೂರಿನಿಂದ ಮಾರಿಕುಪ್ಪಂ ಗಾಡಿ ಹತ್ತಿ ಬಂಗಾರಪೇಟೆ ದಾಟಿದಿರೆಂದರೆ, ಸ್ವಲ್ಪ ಹೊತ್ತಿಗೆಲ್ಲ ಕಿಟಕಿಯಾಚೆ ತಲೆ ಸಪಾಟಾದ ಬಿಳಿ-ಹಳದಿ ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಹೊಸಬರು ಸುಣ್ಣದ ಬೆಟ್ಟವೇನೋ ಅಂದುಕೊಳ್ಳುವುದುಂಟು. ಅದು ಬೆಟ್ಟವಲ್ಲ. ಕಲ್ಲು ಅರೆದು, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಮಣ್ಣು. ಊರವರ ಬಾಯಲ್ಲಿ ಅದು ‘ಸೈನೈಡ್ ಗುಡ್ಡ’. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ನಡುವಿನ ನೂರಿಪ್ಪತ್ತು ವರ್ಷಗಳ ಬೆವರಿನಲ್ಲಿ ಚಿನ್ನ ಎಲ್ಲೆಲ್ಲಿಗೋ ಹೋಯಿತು, ಮಣ್ಣು ಇಲ್ಲೇ ಉಳಿಯಿತು.

ಉರಿಗಾಂನಲ್ಲೋ ಚಾಂಪಿಯನ್‌ನಲ್ಲೋ ಇಳಿದು ಆಟೋ ಹಿಡಿದರೆ ರಾಬರ್ಟ್‌ಸನ್‌ಪೇಟೆ. ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ರಾಬರ್ಟ್‌ಸನ್ ಅವರ ಹೆಸರಿನ ಊರು. ನೇರವಾದ ರಸ್ತೆಗಳು, ಅಡ್ಡರಸ್ತೆಗಳು. ಗೀತಾ ರಸ್ತೆಯಲ್ಲಿ ನಿಂತು ಕಿವಿಗೊಟ್ಟರೆ ಐದು ನಿಮಿಷದಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲವೂ ಕೇಳಿಸುತ್ತವೆ. ಎಂ.ಜಿ. ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುವಾಗ ಒಂದು ಭಾಷೆ, ಚೌಕಾಸಿ ಮಾಡುವಾಗ ಇನ್ನೊಂದು! (ಬಂಗಾರಪೇಟೆಯಲ್ಲಿ ಗಾಡಿ ಬದಲಿಸಬೇಕಾಗಿ ಬಂದರೆ ಅಲ್ಲಿನ ಪಾನಿಪುರಿ ತಿನ್ನದೆ ಬರಬೇಡಿ. ಪಾನಿಗೆ ಬಣ್ಣವೇ ಇಲ್ಲ, ತಿಳಿನೀರಿನ ಹಾಗಿರುತ್ತದೆ. ಬಾಯಿಗಿಟ್ಟ ಮೇಲೆ ಗೊತ್ತಾಗುತ್ತದೆ ಅದರ ಖಾರ.)

ಆದರೆ ನಾನು ನಿಮ್ಮನ್ನು ಇಷ್ಟು ದೂರ ಕರೆದುಕೊಂಡು ಬಂದದ್ದು ಗಣಿ ತೋರಿಸಲಿಕ್ಕಲ್ಲ, ಪಾನಿಪುರಿಗೂ ಅಲ್ಲ. ಇಲ್ಲಿ ನನ್ನ ನಾದಿನಿಯ ಮನೆಯಿದೆ. ಅವಳ ನಡುಮನೆಯಲ್ಲಿ ಎರಡಡಿ ಉದ್ದದ ಒಂದು ಗಾಜಿನ ತೊಟ್ಟಿಯಿದೆ. ಅದರಲ್ಲಿ ಗಪ್ಪಿ, ಪ್ಲ್ಯಾಟಿ ಮೀನುಗಳು, ನಡುವೆ ಹಸಿರು ಗಿಡಗಳು. ಎಂಟು ವರ್ಷವಾಯಿತಂತೆ, ತೊಟ್ಟಿ ಒಮ್ಮೆಯೂ ಖಾಲಿಯಾಗಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಮಕ್ಕಳ ಹಟಕ್ಕೆ ಮೀನು ತಂದು, ಹದಿನೈದು ದಿನದಲ್ಲಿ ಒಂದೊಂದಾಗಿ ಹೊರಗೆ ಹಾಕಿ, ಕೊನೆಗೆ ಆ ತೊಟ್ಟಿಯಲ್ಲಿ ಈರುಳ್ಳಿ ತುಂಬಿಟ್ಟಿದ್ದೀರಿ ಎಂದು ನನಗೆ ಗೊತ್ತು. ಅದಕ್ಕೇ ಈ ಮಾತು.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಗಣಿಗಳ ಕಾಲದಲ್ಲಿ ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಇಲ್ಲಿಗೆ ನೀರು ಬರುತ್ತಿತ್ತು. ಈಗ ಕೊಳವೆಬಾವಿ, ಟ್ಯಾಂಕರು, ದಿನ ಬಿಟ್ಟು ದಿನ ಬರುವ ನಲ್ಲಿ. ಇಂಥ ಊರಿನಲ್ಲಿ ಮೀನು ಸಾಕುವುದೆಂದರೆ ಯಾರಾದರೂ ಮೂಗೆಳೆಯುವವರೇ. ಒಂದು ಬೇಸಿಗೆಯಲ್ಲಿ ಇವರ ಬೀದಿಗೆ ವಾರಗಟ್ಟಲೆ ನೀರು ಬರಲಿಲ್ಲ. ಬಿಂದಿಗೆಗಳ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಅಜ್ಜಿ ಎಲ್ಲರ ಮುಂದೆ ಕೇಳಿಯೇಬಿಟ್ಟರಂತೆ: “ಏನಮ್ಮಾ, ಮನುಷ್ಯರಿಗೆ ಕುಡಿಯೋಕೆ ನೀರಿಲ್ಲ, ನಿಮ್ಮನೆ ಮೀನಿಗೆ ಸ್ನಾನಾನಾ?”

ನಾದಿನಿ ಅಂದೇ ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದುಕೊಂಡಳು. ಆದರೆ ತೊಟ್ಟಿ ಅವಳದಲ್ಲ, ಅವಳ ಯಜಮಾನರದು. ಗಣಿ ಮುಚ್ಚುವವರೆಗೆ ಅವರು ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳಿಯುವ ಕೆಲಸದಲ್ಲಿದ್ದರು. ಆಮೇಲೆ ಇಪ್ಪತ್ತು ವರ್ಷ ನಸುಕಿನ ಗಾಡಿ ಹಿಡಿದು ಬೆಂಗಳೂರಿಗೆ ಹೋಗಿ ದುಡಿದರು. ಈಗ ಎದೆಯಲ್ಲಿ ಉಬ್ಬಸ, ಧೂಳಿನಲ್ಲಿ ಹೊರಗೆ ಓಡಾಡಬಾರದು ಅಂತ ಡಾಕ್ಟರು ಹೇಳಿದ್ದಾರೆ. ಸಂಜೆಯಾದರೆ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂರುತ್ತಾರೆ. ಗಾಳಿ ಯಂತ್ರದಿಂದ ಗುಳ್ಳೆ ಏಳುವುದನ್ನು ತೋರಿಸಿ ನನಗೆ ಹೇಳಿದರು: “ಮೂರು ಕಿಲೋಮೀಟರು ಕೆಳಗೆ ನಮಗೂ ಹೀಗೇ ಮೇಲಿಂದ ಗಾಳಿ ಕಳಿಸ್ತಿದ್ರು, ಅಕ್ಕಾ.” ಅಂಥವರ ಮುಂದಿನಿಂದ ತೊಟ್ಟಿ ಎತ್ತುವುದು ಹೇಗೆ, ನೀವೇ ಹೇಳಿ?

ಹಾಗಾಗಿ ಅವಳು ಕೂತು ಲೆಕ್ಕ ಹಾಕಿದಳು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರು ಹಿಡಿಯುತ್ತದೆ. ಕಲ್ಲು, ಮರಳು ಹೋಗಿ, ಮೇಲೆ ಎರಡು ಬೆರಳು ಜಾಗ ಬಿಟ್ಟರೆ ನೀರು ಉಳಿಯುವುದು 45 ಲೀಟರು. ವಾರಕ್ಕೊಮ್ಮೆ ಅದರ ಐದನೇ ಒಂದು ಭಾಗ ಬದಲಿಸಿದರೆ ಸಾಕು. ಅಂದರೆ 9 ಲೀಟರು, ಒಂದು ಬಿಂದಿಗೆಯೂ ಪೂರ್ತಿ ಬೇಡ. ತೆಗೆದ ನೀರು ಬಚ್ಚಲಿಗೆ ಹೋಗುವುದಿಲ್ಲ. ಅದರಲ್ಲಿ ಮೀನಿನ ಗೊಬ್ಬರ ಕರಗಿರುತ್ತದೆ, ಕರಿಬೇವಿಗೆ, ಮಲ್ಲಿಗೆಗೆ ಅದಕ್ಕಿಂತ ಒಳ್ಳೆಯದು ಸಿಕ್ಕದು. ಹೇಗೂ ಗಿಡಕ್ಕೆ ಹಾಕುವ ನೀರು, ಒಂದು ವಾರ ಮೀನಿನ ಮನೆಯಲ್ಲಿ ಇದ್ದು ಬರುತ್ತದೆ ಅಷ್ಟೆ. ಮುಂದಿನ ವಾರ ಅಜ್ಜಿಯ ಮನೆಗೆ ಒಂದು ಹಿಡಿ ಕರಿಬೇವು ಹೋಯಿತು. ಅಜ್ಜಿ ಮತ್ತೆ ಆ ಮಾತು ಎತ್ತಲಿಲ್ಲವಂತೆ.

ಎಲ್ಲ ನೀರನ್ನೂ ಚೆಲ್ಲಿ, ಕಲ್ಲನ್ನು ಉಜ್ಜಿ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ, ತೊಟ್ಟಿಯನ್ನು ಪಳಪಳ ಹೊಳೆಸುವ ಚೊಕ್ಕಟದ ಗೃಹಿಣಿಯ ಮೀನೇ ಮೊದಲು ಸಾಯುವುದು! ಯಾಕೆ ಗೊತ್ತೇ? ಮೀನಿನ ಮಲ, ಉಳಿದ ಆಹಾರ ಕೊಳೆತು ನೀರಿನಲ್ಲಿ ಅಮೋನಿಯ ಆಗುತ್ತದೆ, ಅದು ವಿಷ. ಕಲ್ಲಿನ ಮೇಲೆ, ಸ್ಪಂಜಿನ ಒಳಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಳೆದು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಬೇರೆ ಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಅಷ್ಟು ಕೆಟ್ಟದ್ದಲ್ಲ, ಗಿಡಗಳು ಅದನ್ನು ಹೀರಿಕೊಳ್ಳುತ್ತವೆ. ಹೆಪ್ಪು ಹಾಕಿದ ಮೊಸರಿನ ಹಾಗೆ ಇದು. ಹೆಪ್ಪನ್ನೇ ತೊಳೆದು ಚೆಲ್ಲಿದರೆ ಮೊಸರೆಲ್ಲಿ? ಹೊಸ ತೊಟ್ಟಿಯಲ್ಲಿ ಈ ಹೆಪ್ಪು ಕೂಡಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಹತ್ತು ಮೀನು ತರಬೇಡಿ. ಮೊದಲು ಗಿಡ ಹಾಕಿ, ಕೆಲವು ದಿನ ಬಿಟ್ಟು ಎರಡೋ ಮೂರೋ ಗಪ್ಪಿ ಬಿಡಿ. ಆಗ ನೀರನ್ನು ಸ್ವಲ್ಪ ಸ್ವಲ್ಪವೇ, ವಾರಕ್ಕೆ ಎರಡು ಮೂರು ಸಲ ಬದಲಿಸಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ, ನಲ್ಲಿ ನೀರಿನಲ್ಲಿ ಬೇಡ. ಆ ನೀರಿನ ಬ್ಲೀಚಿಂಗ್ ಪೌಡರು ಹೆಪ್ಪನ್ನು ಕೊಲ್ಲುತ್ತದೆ. ತೊಟ್ಟಿಗೆ ಹಾಕುವ ನಲ್ಲಿ ನೀರನ್ನೂ ಅಗಲ ಬಾಯಿಯ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ತಾಮ್ರದ ಕೊಳದಪ್ಪಲೆಯಲ್ಲಿ ಬೇಡಮ್ಮಾ. ನಮಗೆ ಒಳ್ಳೆಯದು ಅಂತ ಹೇಳುವ ತಾಮ್ರ ಮೀನಿಗೆ ಒಗ್ಗುವುದಿಲ್ಲ.

ಇಲ್ಲಿನ ಕೊಳವೆಬಾವಿಯ ನೀರು ಗಡಸು. ಬೇಳೆ ಬೇಗ ಬೇಯದು, ಸೋಪಿಗೆ ನೊರೆ ಬಾರದು. ನಿಮ್ಮೂರಿನದೂ ಹಾಗೇ ಇದ್ದರೆ ಬೇಸರ ಬೇಡ. ಗಪ್ಪಿ, ಮಾಲಿ, ಪ್ಲ್ಯಾಟಿ, ಸ್ವೋರ್ಡ್‌ಟೇಲ್ ಮೀನುಗಳಿಗೆ ಗಡಸು ನೀರೇ ಇಷ್ಟ. ಅಂಗಡಿಯಲ್ಲಿ ನೀಲಿ-ಕೆಂಪು ಮಿಂಚುವ ನಿಯಾನ್ ಟೆಟ್ರಾ, ತಟ್ಟೆಯಂಥ ಡಿಸ್ಕಸ್ ನೋಡಿ ಮನಸ್ಸು ಹರಿದರೂ ಕೈ ಹಿಂದೆ ಇಟ್ಟುಕೊಳ್ಳಿ. ಅವು ಮೆದು ನೀರಿನ ಕೂಸುಗಳು. ಚಿನ್ನದ ಮೀನನ್ನು ದುಂಡನೆಯ ಗಾಜಿನ ಬಟ್ಟಲಿನಲ್ಲಿ ಇಡುವುದು ಸಿನಿಮಾದಲ್ಲಿ ಚೆನ್ನ. ಮನೆಯಲ್ಲಿ ಅದು ಗೇಣುದ್ದ ಬೆಳೆಯುವ, ವಿಪರೀತ ಹೊಲಸು ಮಾಡುವ ಮೀನು, ಅದಕ್ಕೆ ದೊಡ್ಡ ತೊಟ್ಟಿಯೇ ಬೇಕು. ಫೈಟರ್ ಗಂಡು ಒಂಟಿಯಾಗಿರಲಿ. ಅಂದ ಹಾಗೆ, ನಮ್ಮ ಕಡೆಯ ಅಂಗಡಿಗಳಿಗೆ ಬರುವ ಬಣ್ಣದ ಮೀನುಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನವು. ಅಲ್ಲಿ ಮನೆಮನೆಯ ಹಿತ್ತಿಲಲ್ಲಿ, ತಾರಸಿಯ ಮೇಲೆ ಮೀನಿನ ಮರಿ ಮಾಡಿಸುತ್ತಾರೆ. ಹೆಂಗಸರೂ ಅದರಲ್ಲಿ ಕೈ ಜೋಡಿಸಿ ಸಂಸಾರ ನಡೆಸುತ್ತಾರೆ.

ಈ ಊರಿನ ಹುಡುಗರು ಸೈನೈಡ್ ಗುಡ್ಡದ ಬುಡದಿಂದ ನಯವಾದ ಮರಳು, ಹೊಳೆಯುವ ಕಲ್ಲು ಹೆಕ್ಕಿ ತರುವುದುಂಟು. ಅದನ್ನು ತೊಟ್ಟಿಗೆ ಹಾಕಲೇಬೇಡಿ. ಎಷ್ಟು ತೊಳೆದರೂ ಅದರೊಳಗಿನ ಲೋಹ, ರಾಸಾಯನಿಕ ಏನೇನು ಬಿಡುತ್ತವೋ! ಮನೆ ಕಟ್ಟುವ ಕಡೆಯಿಂದ ಸಣ್ಣ ಜಲ್ಲಿಯೋ ದಪ್ಪ ಮರಳೋ ತಂದು, ತಿಳಿನೀರು ಬರುವವರೆಗೆ ತೊಳೆದರೆ ಸಾಕು. ಗಾಳಿ ಎದ್ದ ತಿಂಗಳುಗಳಲ್ಲಿ ಗುಡ್ಡದ ಧೂಳು ಮನೆಯೊಳಗೆ ಬರುತ್ತದೆ, ಅದಕ್ಕೇ ನಾದಿನಿಯ ತೊಟ್ಟಿಗೆ ಗಾಜಿನ ಮುಚ್ಚಳವಿದೆ. ಧೂಳಿಲ್ಲದ ಊರಿನವರೂ ಮುಚ್ಚಳ ಇಟ್ಟುಕೊಳ್ಳಿ. ಸೊಳ್ಳೆ ಬತ್ತಿ, ಸೊಳ್ಳೆಯ ದ್ರವ, ಜಿರಲೆಗೆ ಹೊಡೆಯುವ ಸ್ಪ್ರೇ, ಇವುಗಳ ಮದ್ದು ನಮಗೆ ಬರೀ ಸೀನು ತರಿಸಬಹುದು, ಮೀನಿಗೆ ಯಮನೇ. ಸ್ಪ್ರೇ ಹೊಡೆಯಲೇಬೇಕಾದರೆ ತೊಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಗಾಳಿ ಯಂತ್ರ ನಿಲ್ಲಿಸಿ, ಕಿಟಕಿ ತೆರೆದು, ವಾಸನೆ ಹೋದ ಮೇಲೆ ಮತ್ತೆ ಹಾಕಿ. ಕಾರಣವಿಲ್ಲದೆ ಒಂದೇ ರಾತ್ರಿ ಎಲ್ಲ ಮೀನೂ ಸತ್ತವು ಎಂದು ಅಳುವವರು ಮೊದಲು ಈ ಬತ್ತಿಯನ್ನು ನೆನಪಿಸಿಕೊಳ್ಳಲಿ.

ಇನ್ನು ಗಿಡಗಳ ಮಾತು. ಪ್ಲಾಸ್ಟಿಕ್ ಗಿಡ ನೋಡಲಿಕ್ಕೆ ಮಾತ್ರ. ಜೀವಂತ ಗಿಡ ಹಗಲಲ್ಲಿ ಆಮ್ಲಜನಕ ಕೊಡುತ್ತದೆ, ಹೊಲಸನ್ನು ಹೀರುತ್ತದೆ, ಮರಿಗಳಿಗೆ ಮರೆಯಾಗುತ್ತದೆ. ಹೊಸಬರಿಗೆ ನಾಲ್ಕು ಸಾಕು: ರಿಬ್ಬನ್ನಿನಂಥ ಎಲೆಯ ವ್ಯಾಲಿಸ್ನೇರಿಯಾ, ನಮ್ಮ ಕೆರೆಗಳಲ್ಲೇ ಬೆಳೆಯುವ ಹೈಡ್ರಿಲ್ಲ, ನರಿಬಾಲದಂಥ ಸೆರಟೋಫಿಲಂ, ಜಾವಾ ಫರ್ನ್. ವ್ಯಾಲಿಸ್ನೇರಿಯಾದ ಬೇರು ಮರಳಿನೊಳಗಿರಲಿ, ಎಲೆ ಹೊರಡುವ ಕುತ್ತಿಗೆ ಮೇಲೇ ಇರಲಿ, ಹೂತರೆ ಕೊಳೆಯುತ್ತದೆ. ಜಾವಾ ಫರ್ನನ್ನು ನೆಡಲೇಬಾರದು, ದಾರದಿಂದ ಕಲ್ಲಿಗೆ ಕಟ್ಟಿ. ಸೆರಟೋಫಿಲಂಗೆ ಬೇರೇ ಇಲ್ಲ, ತೇಲಿಬಿಟ್ಟರಾಯಿತು. ತಂದ ಹೊಸದರಲ್ಲಿ ಎಲೆ ಕರಗಿದರೆ ಗಾಬರಿಯಾಗಿ ಕಿತ್ತೆಸೆಯಬೇಡಿ. ಎಷ್ಟೋ ಗಿಡಗಳನ್ನು ನರ್ಸರಿಯಲ್ಲಿ ನೀರಿನ ಮೇಲೆ ಬೆಳೆಸಿರುತ್ತಾರೆ, ಹಳೆ ಎಲೆ ಉದುರಿಸಿ ನೀರೊಳಗಿನ ಹೊಸ ಎಲೆ ಬಿಡಲು ಅವಕ್ಕೂ ಕಾಲ ಬೇಕು. ಸೊಸೆ ಹೊಸ ಮನೆಗೆ ಬಂದ ಹಾಗೆ! ದಿನಕ್ಕೆ ಏಳೆಂಟು ಗಂಟೆ ದೀಪ ಸಾಕು. ಬಿಸಿಲು ನೇರ ಬೀಳುವ ಕಿಟಕಿಯಲ್ಲಿ ಇಟ್ಟರೆ ನೀರೆಲ್ಲ ಹಸಿರು ಪಾಚಿ. ಕೆರೆಯಿಂದ ತಂದ ಗಿಡವನ್ನು ಪರ್ಮಾಂಗನೇಟ್ ಹಾಕಿದ ತೆಳುಗುಲಾಬಿ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ಜಾಲಿಸಿ ಹಾಕಿ.

ಕೋಲಾರದ ಬೆಟ್ಟದ ಮೇಲೆ ಕಲ್ಲು ಬಸವನ ಬಾಯಿಂದ ನೀರು ಬೀಳುವ ಅಂತರಗಂಗೆಯನ್ನು ನೀವು ಕೇಳಿರುತ್ತೀರಿ. ಅದೇ ಹೆಸರಿನ ತೇಲುವ ಗಿಡವೂ ಒಂದಿದೆ, ಪುಟ್ಟ ಕೋಸಿನ ಹಾಗೆ ಮುದ್ದಾಗಿರುತ್ತದೆ. ತೊಟ್ಟಿಯಲ್ಲಿ ಎರಡಿದ್ದರೆ ಚೆನ್ನ. ಹೆಚ್ಚಾದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ಕೆರೆಗೆ ಮಾತ್ರ ಎಸೆಯಬೇಡಿ. ನೋಡನೋಡುತ್ತ ಕೆರೆಯನ್ನೇ ಮುಚ್ಚಿಬಿಡುತ್ತದೆ. ಬೆಳೆದು ಭಾರವಾದ ಸಕ್ಕರ್ ಮೀನನ್ನು ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೆ ಬಿಡುವುದೂ ಪುಣ್ಯದ ಕೆಲಸವಲ್ಲ. ಅಲ್ಲಿನ ಮೀನುಗಳ ಅನ್ನಕ್ಕೆ ಅದು ಕಲ್ಲು.

ಗಪ್ಪಿಯನ್ನು ಮಾತ್ರ ಇಲ್ಲಿ ಬೇಕೆಂದೇ ಬಾವಿಗೆ ಬಿಟ್ಟ ಕಥೆಯೊಂದಿದೆ. ಇದೇ ಬಂಗಾರಪೇಟೆಯ ಪಕ್ಕದ ಕಾಮಸಮುದ್ರದ ಹಳ್ಳಿಗಳಲ್ಲಿ ಮಲೇರಿಯಾ ಕಾಟ ಹೆಚ್ಚಿತ್ತು. ಅದನ್ನು ಹರಡುವ ಸೊಳ್ಳೆ ಬಾವಿಗಳಲ್ಲಿ ಮೊಟ್ಟೆ ಇಡುತ್ತಿತ್ತು. 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದವರು ಆ ಬಾವಿಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನು ಬಿಡಿಸಿದರು. ಮೀನು ಸೊಳ್ಳೆಮರಿಗಳನ್ನು ತಿಂದವು, ಜ್ವರ ಇಳಿಯಿತು. ಅದು ತಿಳಿದವರು ಅಳೆದು ಸುರಿದು ಮಾಡಿದ ಕೆಲಸ, ನಾವು ನೀವು ಹೊಳೆ ಕೆರೆಗೆ ಬಿಡುವುದು ಬೇರೆ. ಮನೆಯ ಮುಚ್ಚದ ಸಿಮೆಂಟು ತೊಟ್ಟಿಯಲ್ಲಿ ನಾಲ್ಕು ಗಪ್ಪಿ ಇಟ್ಟುಕೊಂಡರೆ ಅಡ್ಡಿಯಿಲ್ಲ.

ಚಿನ್ನದ ಗಣಿಗಾಗಿ ಶಿವನಸಮುದ್ರದಿಂದ 140 ಕಿ.ಮೀ.ಗೂ ಹೆಚ್ಚು ದೂರ ತಂತಿ ಎಳೆದು 1902ರಲ್ಲೇ ವಿದ್ಯುತ್ತು ತಂದ ಊರಿದು, ಬೆಂಗಳೂರಿಗಿಂತ ಮೊದಲು. ಆದರೂ ಕರೆಂಟು ಹೋಗುತ್ತದೆ! ಆಗ ಲೋಟದಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಗೇಣೆತ್ತರದಿಂದ ಹತ್ತು ಹದಿನೈದು ಸಲ ಸುರಿಯಿರಿ, ಗಾಳಿ ಬೆರೆಯುತ್ತದೆ. ಆ ಹೊತ್ತು ಆಹಾರ ಹಾಕಬೇಡಿ. ಸಾಮಾನ್ಯ ದಿನವೂ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ, ವಾರಕ್ಕೊಂದು ದಿನ ಉಪವಾಸ. ಇಡ್ಲಿ ಚೂರು, ಅನ್ನದ ಅಗುಳು ಬೇಡ. ಮಾಗಿಯ ಚಳಿಗೆ ಇಲ್ಲಿ ನೀರು ತಣ್ಣಗಾಗಿ ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಬರುತ್ತದೆ. ಈ ತೊಟ್ಟಿಗೆ 50 ವಾಟಿನ ಹೀಟರು ಸಾಕು, 25 ಡಿಗ್ರಿ ಇದ್ದರೆ ಮೀನು ಲವಲವಿಕೆ. ಚುಕ್ಕೆ ಬಂದದ್ದನ್ನು ಬೇರೆ ಪಾತ್ರೆಗೆ ತೆಗೆದು, ನಾಲ್ಕು ಲೀಟರಿಗೆ ಒಂದು ಚಮಚದಂತೆ ಕಲ್ಲುಪ್ಪು ಕರಗಿಸಿ, ಮೆಲ್ಲಗೆ 30 ಡಿಗ್ರಿಗೆ ಏರಿಸಿ, ಗಾಳಿ ಯಂತ್ರ ಹಾಕಿ ಹತ್ತು ದಿನ ಇಡಿ. ಗಿಡಗಳಿರುವ ತೊಟ್ಟಿಗೆ ಉಪ್ಪು ಸುರಿದರೆ ಗಿಡ ಸಾಯುತ್ತವೆ.

ಹೊರಡುವಾಗ ನಾದಿನಿ ನನಗೂ ಆರು ಗಪ್ಪಿ ಕಟ್ಟಿಕೊಟ್ಟಳು, ಎರಡು ಗಂಡು, ನಾಲ್ಕು ಹೆಣ್ಣು. ಗಂಡು ಹೆಚ್ಚಾದರೆ ಹೆಣ್ಣಿಗೆ ನೆಮ್ಮದಿಯಿಲ್ಲವಂತೆ! ಪ್ಲಾಸ್ಟಿಕ್ ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ, ಬಿಗಿಯಾಗಿ ರಬ್ಬರ್ ಬ್ಯಾಂಡು. ಹಿಂದಿನ ದಿನ ಮೀನಿಗೆ ಊಟ ಹಾಕಿರಲಿಲ್ಲ, ದಾರಿಯಲ್ಲಿ ನೀರು ಕೆಡದಿರಲೆಂದು. ಸೆರಟೋಫಿಲಂ ಎಳೆಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿದಳು. ನೀವೂ ಹೀಗೆ ತಂದರೆ ಚೀಲವನ್ನು ಕತ್ತಲೆಯ ಬಟ್ಟೆಚೀಲದೊಳಗಿಡಿ, ಕಿಟಕಿಯ ಬಿಸಿಲು ತಾಕದಿರಲಿ. ಮನೆ ಸೇರಿದ ಮೇಲೆ ಕಟ್ಟಿದ ಚೀಲವನ್ನೇ ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಐದೈದು ನಿಮಿಷಕ್ಕೊಮ್ಮೆ ಒಂದು ಲೋಟ ತೊಟ್ಟಿಯ ನೀರು ಸೇರಿಸಿ. ಕೊನೆಗೆ ಸಣ್ಣ ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ತೊಟ್ಟಿಗೆ ಬಿಟ್ಟು, ಚೀಲದ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿ. ಅಂದು ರಾತ್ರಿ ದೀಪ ಹಾಕಬೇಡಿ, ಆಹಾರವೂ ಬೇಡ.