ಕೊಲ್ಲಿಯ ಎರಡು ದಡ, ಒಂದು ವಾದ್ಯತಂಡ

ಜಪಾನಿನ ಟೋಕಿಯೋ ಕೊಲ್ಲಿಯ ಬಾಯಿ ಕಿರಿದು. ಪಶ್ಚಿಮ ದಡದ ಯೊಕೊಸುಕಾ ನಗರದಲ್ಲಿರುವ ಕುರಿಹಾಮಾ ಬಂದರಿನಲ್ಲಿ ಹಡಗು ಹತ್ತಿದರೆ ಸುಮಾರು 40 ನಿಮಿಷಗಳಲ್ಲಿ ಪೂರ್ವ ದಡದ ಕಾನಾಯಾ ಸೇರಬಹುದು. ಅಲ್ಲಿಂದ ಕಡಲನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ಹೋಗುವ ರೈಲು ತತೆಯಾಮಾ ಊರಿಗೆ ಮುಟ್ಟಿಸುತ್ತದೆ. 'ಎಕ್ಸ್ ಜಪಾನ್' ಎಂಬ ಪ್ರಸಿದ್ಧ ರಾಕ್ ತಂಡ ಈ ಎರಡೂ ದಡಗಳ ಕೂಸು.

ತತೆಯಾಮಾ ಬೆಚ್ಚನೆಯ ಹವೆಯ ಕಡಲೂರು. ಭೂಕಂಪಗಳಿಂದ ನೆಲ ಮೇಲೆದ್ದ ಕಾರಣ, ಸಾವಿರಾರು ವರ್ಷ ಹಳೆಯ ಹವಳದ ಪದರವೊಂದು ಇಲ್ಲಿ ಸಮುದ್ರಮಟ್ಟಕ್ಕಿಂತ ಮೇಲೆ ಕಾಣಸಿಗುತ್ತದೆ. ಈ ಊರಿನ ಯೊಶಿಕಿ ಮತ್ತು ತೊಶಿ ಶಿಶುವಿಹಾರದ ದಿನಗಳಿಂದಲೇ ಗೆಳೆಯರು. ಯೊಶಿಕಿ ನಾಲ್ಕರ ವಯಸ್ಸಿನಲ್ಲೇ ಪಿಯಾನೋ ಕಲಿಯತೊಡಗಿದ ಹುಡುಗ. ಹತ್ತು ವರ್ಷವಾದಾಗ ತಂದೆ ತೀರಿಕೊಂಡರು. ಮುಂದೆ ಅವನ ಕೈ ಡ್ರಮ್ಮಿನ ಕಡೆ ತಿರುಗಿತು. 1982ರಲ್ಲಿ, ಶಾಲೆಯಲ್ಲಿ ಓದುತ್ತಿರುವಾಗಲೇ, ಇಬ್ಬರೂ ಸೇರಿ 'ಎಕ್ಸ್' ತಂಡ ಕಟ್ಟಿದರು.

ಎದುರು ದಡದ ಯೊಕೊಸುಕಾದಲ್ಲಿ ಅಮೆರಿಕದ ನೌಕಾನೆಲೆಯಿದೆ. 1964ರಲ್ಲಿ ಜನಿಸಿದ ಹಿದೆ ಆ ಊರಿನವರು. ಕೇಶಾಲಂಕಾರದ ತರಬೇತಿ ಪಡೆದಿದ್ದ ಈ ಗಿಟಾರ್ ವಾದಕ 1987ರಲ್ಲಿ ತಂಡ ಸೇರಿದರು.

ಬಣ್ಣ ಬಳಿದು ಎತ್ತರಕ್ಕೆ ನಿಲ್ಲಿಸಿದ ಕೂದಲು, ಮುಖಕ್ಕೆ ಗಾಢ ಪ್ರಸಾಧನ. ನೋಡಿದ ಹಿರಿಯರು ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ವೇಷದ ಹಿಂದೆ ಕಠಿಣ ಅಭ್ಯಾಸವಿತ್ತು. ಮೊದಲ ಆಲ್ಬಂ 1988ರಲ್ಲಿ ಹೊರಬಂದದ್ದು ಯೊಶಿಕಿಯವರ ಸ್ವಂತ ಸಂಸ್ಥೆಯಿಂದಲೇ. 1989ರ 'ಬ್ಲೂ ಬ್ಲಡ್' ದೇಶದ ತುಂಬ ಹೆಸರು ತಂದಿತು. 1993ರ 'ಆರ್ಟ್ ಆಫ್ ಲೈಫ್' 29 ನಿಮಿಷಗಳ ಒಂದೇ ಗೀತೆ. ಅಬ್ಬರದ ಡ್ರಮ್, ಗಿಟಾರುಗಳ ಜೊತೆಗೆ ಅದರಲ್ಲಿ ಪಿಯಾನೋ, ಪಿಟೀಲುಗಳ ಮೇಳವೂ ಇದೆ. ಇವರ ಜಾಡಿನಲ್ಲಿ ನಡೆದ ತಂಡಗಳು ಅನೇಕ. ಆ ಪರಂಪರೆಯನ್ನು ಜಪಾನಿನಲ್ಲಿ 'ವಿಷುಯಲ್ ಕೇ' ಎನ್ನುತ್ತಾರೆ.

ಕೀರ್ತಿ ಏರಿದಂತೆ ಸ್ನೇಹ ಸಡಿಲವಾಯಿತು. 1997ರಲ್ಲಿ ತೊಶಿ ತಂಡ ಬಿಟ್ಟರು. ಆ ವರ್ಷದ ಡಿಸೆಂಬರ್ 31ರಂದು ಟೋಕಿಯೋ ಡೋಮಿನಲ್ಲಿ ವಿದಾಯದ ಕಛೇರಿ ನಡೆಯಿತು. 1998ರ ಮೇ 2ರಂದು ಹಿದೆ ತಮ್ಮ 33ನೇ ವಯಸ್ಸಿನಲ್ಲಿ ತೀರಿಕೊಂಡರು. ಟೋಕಿಯೋದ ತ್ಸುಕಿಜಿ ಹೊಂಗಾನ್‌ಜಿ ಬೌದ್ಧಮಂದಿರದ ಸುತ್ತ ಸಾವಿರಾರು ತರುಣ ತರುಣಿಯರು ಕಣ್ಣೀರಿಡುತ್ತ ಸೇರಿದರು. 2000ದಿಂದ 2005ರವರೆಗೆ ಯೊಕೊಸುಕಾದಲ್ಲಿ ಹಿದೆಯವರ ಹೆಸರಿನ ಸಂಗ್ರಹಾಲಯವೂ ಇತ್ತು.

ಬಾಲ್ಯದ ಗೆಳೆಯರು ಮತ್ತೆ ಒಂದಾಗಲು ಹತ್ತು ವರ್ಷ ಹಿಡಿಯಿತು. 2007ರಲ್ಲಿ ಕೂಡಿಕೊಂಡ ತಂಡ 2014ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, 2017ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಹಾಡಿತು. ಅಷ್ಟರಲ್ಲಿ ಹಳೆಯ ಸಂಗಾತಿ ತೈಜಿ 2011ರಲ್ಲಿ ಅಗಲಿದ್ದರು. 2023ರಲ್ಲಿ ಹೀತ್ ಕೂಡ ಹೋದರು.

ಮಕ್ಕಳ ಗದ್ದಲದ ಸಂಗೀತ ಕೇಳಿ ಹೆತ್ತವರು ಬಾಗಿಲು ಮುಚ್ಚುವುದು ಎಲ್ಲ ಊರುಗಳಲ್ಲೂ ಇದ್ದದ್ದೇ. ಮುಚ್ಚುವ ಮೊದಲು ತುಸು ಕಿವಿಗೊಟ್ಟರೆ, ಆ ಗದ್ದಲದೊಳಗೆ ಮಗು ಹೇಳಲಾರದೆ ಉಳಿಸಿಕೊಂಡ ಮಾತೊಂದು ಕೇಳಿಸಲೂಬಹುದು.