ಮಂತ್ರಿಯ ಮನೆಯವರು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಎತ್ತ ಹೊರಟರೂ ಒಂದಲ್ಲ ಒಂದು ಆಸ್ಥಾನ ಎದುರಾಗುತ್ತದೆ. ಅತ್ತಿಗುಪ್ಪೆಯಲ್ಲಿ ಮೆಟ್ರೊ ಇಳಿದರೆ ವಿಜಯನಗರ. ಅಲ್ಲಿಂದ ಕಾರ್ಡ್ ರೋಡ್ ಹಿಡಿದು ಮಾಗಡಿ ರಸ್ತೆಯ ಟೋಲ್‌ಗೇಟ್ ದಾಟಿದರೆ ಬಲಕ್ಕೆ ರಾಜಾಜಿನಗರ, ಎಡಕ್ಕೆ ನಮ್ಮ ಬಸವೇಶ್ವರನಗರ. ಒಂದು ಸಾಮ್ರಾಜ್ಯ, ಒಬ್ಬ ಗವರ್ನರ್ ಜನರಲ್, ಒಬ್ಬ ಭಂಡಾರಿ. ಬಾಡಿಗೆಗಳೂ ಈಗ ಆ ಘನತೆಗೆ ತಕ್ಕಂತೆಯೇ ಇವೆ.

ನನ್ನ ತಂಗಿಯ ಮಗಳು ನಮ್ಮಲ್ಲಿದ್ದುಕೊಂಡು ಓದುತ್ತಾಳೆ. ಓದು ಮುಗಿದ ಮೇಲೆ, ಕೆಲವೊಮ್ಮೆ ಓದಿಗೂ ಮುಂಚೆ, ಕೊರಿಯಾದ ಧಾರಾವಾಹಿ ನೋಡುತ್ತಾಳೆ. ಅವಳಿಗೆ ಇಷ್ಟವಾದವು ಅರಮನೆಯ ಕಥೆಗಳು. ಉದ್ದ ತೋಳಿನ ನಿಲುವಂಗಿ, ತಲೆಯ ಮೇಲೆ ಕರಿ ಟೋಪಿ, ದೊರೆಯ ಮುಂದೆ ಎರಡು ಸಾಲಾಗಿ ನಿಂತ ಮಂತ್ರಿಗಳು. ಒಂದು ರಾತ್ರಿ ನಾನೂ ಪಕ್ಕದಲ್ಲಿ ಕುಳಿತು ಅವರೆಕಾಳು ಬಿಡಿಸುತ್ತಿದ್ದೆ. "ದೊಡ್ಡಮ್ಮ, ಈ ಮಂತ್ರಿ ಒಳ್ಳೆಯವನು. ಇನ್ನೆರಡು ಎಪಿಸೋಡಿನಲ್ಲಿ ಇವನ ಮನೆಯವರೆಲ್ಲ ಹೋಗ್ತಾರೆ ನೋಡು," ಎಂದಳು. ಇವನು ಏನು ತಪ್ಪು ಮಾಡಿದ ಎಂದು ಕೇಳಿದೆ. "ತಪ್ಪೇನಿಲ್ಲ. ದೊರೆ ಬದಲಾದ, ಅಷ್ಟೇ."

ಅವಳು ಹೇಳಿದ್ದು ಬರೀ ಕಥೆಯಲ್ಲ. ಕೊರಿಯಾದ ಜೊಸನ್ ರಾಜ್ಯದಲ್ಲಿ ಜಂಗ್ ಯಾಕ್‌ಯೊಂಗ್ ಎಂಬ ವಿದ್ವಾಂಸ ಅಧಿಕಾರಿಯಿದ್ದ. 1762ರಲ್ಲಿ ಹುಟ್ಟಿದವನು. ದೊರೆ ಜೊಂಗ್‌ಜೊಗೆ ಬೇಕಾದವನು, ಕೋಟೆ ಕಟ್ಟುವಾಗ ಭಾರದ ಕಲ್ಲೆತ್ತಲು ರಾಟೆಯ ಯಂತ್ರ ರೂಪಿಸಿಕೊಟ್ಟವನು. 1800ರಲ್ಲಿ ದೊರೆ ತೀರಿಕೊಂಡ. ಮರುವರ್ಷವೇ ಕ್ರೈಸ್ತ ಮತಕ್ಕೆ ಒಲಿದವರ ಬೇಟೆ ಶುರುವಾಗಿ ಈತನ ಒಬ್ಬ ಅಣ್ಣನ ತಲೆ ಹೋಯಿತು. ಇನ್ನೊಬ್ಬ ಅಣ್ಣನನ್ನು ದೂರದ ದ್ವೀಪಕ್ಕೆ ಅಟ್ಟಿದರು. ಆತ ಅಲ್ಲಿನ ಮೀನುಗಳ ಬಗ್ಗೆ ಒಂದು ಗ್ರಂಥ ಬರೆದು ಗಡೀಪಾರಿನಲ್ಲೇ ಸತ್ತ. ಯಾಕ್‌ಯೊಂಗ್‌ಗೆ ಒಟ್ಟು 18 ವರ್ಷಗಳ ಗಡೀಪಾರು. ಊರಲ್ಲೇ ಉಳಿದ ಹೆಂಡತಿ ತನ್ನ ಮದುವೆಯ ಕೆಂಪು ಲಂಗವನ್ನು, ಬಣ್ಣ ಮಾಸಿದ್ದನ್ನು, ಅವನಿಗೆ ಕಳಿಸಿದಳು. ಅವನು ಅದನ್ನು ಕತ್ತರಿಸಿ ಸಣ್ಣ ಪುಸ್ತಕಗಳನ್ನಾಗಿ ಮಾಡಿ ಮಕ್ಕಳಿಗೆ ಬುದ್ಧಿಮಾತು ಬರೆದ. ಆ ಪುಸ್ತಕಗಳು ಇವತ್ತಿಗೂ ಇವೆ. ಲಂಗ ಕಳಿಸಿದಾಗ ಆಕೆಯ ಮನಸ್ಸಿನಲ್ಲಿ ಏನಿತ್ತೋ, ಬುದ್ಧಿಮಾತು ಅಂತೂ ಇದ್ದಿರಲಾರದು ಎಂದು ನನ್ನ ಅನುಮಾನ.

ನಮ್ಮ ಬಡಾವಣೆಗಳೇನು ಕಡಿಮೆಯೇ? ವಿಜಯನಗರದ ತಿಮ್ಮರಸುವನ್ನು ನಾವು ಬಲ್ಲದ್ದು ಬಿ.ಆರ್. ಪಂತುಲು ಮುಖದಲ್ಲಿ, 1970ರ 'ಶ್ರೀ ಕೃಷ್ಣದೇವರಾಯ' ಚಿತ್ರದ ಅಪ್ಪಾಜಿ. ರಾಜಕುಮಾರ ತಿರುಮಲನಿಗೆ ವಿಷವಿಕ್ಕಿದರೆಂಬ ಗುಮಾನಿಯಲ್ಲಿ ಮಂತ್ರಿಯ ಜೊತೆಗೆ ಅವನ ಮನೆಯವರೂ ಸೆರೆ ಸೇರಿದರು, ಕಣ್ಣು ಕೀಳಿಸಲಾಯಿತು ಎಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ರಾಜಾಜಿಯವರದು ಹೊಸ ಕಾಲ, ಕಣ್ಣಿಗೇನೂ ಆಪತ್ತಿರಲಿಲ್ಲ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿ, ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1948ರಲ್ಲಿ ಮೌಂಟ್‌ಬ್ಯಾಟನ್ನರ ಕುರ್ಚಿಯಲ್ಲಿ ಕುಳಿತವರು. ಅವರ ಮಗಳು ಲಕ್ಷ್ಮಿಗೂ ಗಾಂಧೀಜಿಯ ಮಗ ದೇವದಾಸರಿಗೂ ಮನಸ್ಸು ಕೂಡಿದಾಗ ಇಬ್ಬರು ಅಪ್ಪಂದಿರೂ ಸೇರಿ ವರ್ಷಗಟ್ಟಲೆ ಕಾಯಿಸಿದರು. ಮದುವೆಯಾದದ್ದು 1933ರಲ್ಲಿ. ರಾಜಾಜಿಯವರ ಹೆಂಡತಿ ಬೇಗ ತೀರಿಕೊಂಡಿದ್ದರಿಂದ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಇನ್ನೊಬ್ಬ ಮಗಳು ನಾಮಗಿರಿ ಅಪ್ಪನ ಮನೆ ನೋಡಿಕೊಂಡರು. ರಾಜಾಜಿನಗರದಲ್ಲಿ ನಾಮಗಿರಿಯ ಹೆಸರು ಕೇಳಿದವರು ಎಷ್ಟು ಮಂದಿ ಸಿಕ್ಕಾರು?

ಇನ್ನು ನಮ್ಮ ಬಸವಣ್ಣ. ನಮ್ಮ ಕಡೆ ಆತನನ್ನು ಕುದುರೆಯ ಮೇಲೆ ಒಬ್ಬನೇ ಕೂರಿಸುವುದು ರೂಢಿ. ರೇಸ್‌ಕೋರ್ಸ್ ರಸ್ತೆಯ ವೃತ್ತದಲ್ಲಿ ಕೂತದ್ದೂ ಹಾಗೆಯೇ. ಆದರೆ ಆತನದು ತುಂಬಿದ ಮನೆ. ಬಾಗೇವಾಡಿಯ ಮಾದರಸ, ಮಾದಲಾಂಬಿಕೆಯರ ಮಗ. ಆತ ತೀರಿಕೊಂಡು ಸುಮಾರು ನೂರು ವರ್ಷವಾದ ಮೇಲೆ, 1260ರಲ್ಲಿ, ಈಗಿನ ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ನೆಟ್ಟ ಶಾಸನದ ಕಲ್ಲಿನಲ್ಲೂ ಬಾಗೇವಾಡಿಯ ಹೆಸರು, ಅಪ್ಪನ ಹೆಸರು ಇವೆ. ಅಮ್ಮನ ಹೆಸರಿಗೆ ನಾವು ಪುರಾಣಗಳನ್ನೇ ನಂಬಬೇಕು. ಜನಿವಾರ ಬೇಡವೆಂದು ಹುಡುಗ ಮನೆ ಬಿಟ್ಟಾಗ ಅಕ್ಕ ನಾಗಲಾಂಬಿಕೆ ಬೆನ್ನಿಗೆ ನಿಂತಳು. ಸೋದರಮಾವ ಬಲದೇವ ಬಿಜ್ಜಳನ ಮಂತ್ರಿ. ಅವನ ಮಗಳು ಗಂಗಾಂಬಿಕೆ ಹಿರಿಯ ಹೆಂಡತಿ. ಅರಮನೆಯ ನಂಟಿನಿಂದ ಬಂದ ನೀಲಾಂಬಿಕೆ ಕಿರಿಯಳು. ಅಕ್ಕನ ಮಗ ಚೆನ್ನಬಸವಣ್ಣ. ಮಂಗಳವಾಡದಲ್ಲಿ ಲೆಕ್ಕ ಬರೆಯುವ ಕರಣಿಕನಾಗಿ ಶುರುಮಾಡಿ, ಕಲ್ಯಾಣದಲ್ಲಿ ಭಂಡಾರಿಯಾದ ಮನುಷ್ಯನ ಮನೆ ಇದು. ಎಲ್ಲರೂ ಬರೆದರು. ಅಂಕಿತ ನೋಡಿದರೆ ಒಂದೇ ಮನೆಯವರೆಂದು ಗೊತ್ತಾಗಿಬಿಡುತ್ತದೆ. ಬಸವಣ್ಣನದು ಕೂಡಲಸಂಗಮದೇವ, ಅಳಿಯನದು ಕೂಡಲಚೆನ್ನಸಂಗಮದೇವ, ಅಕ್ಕನದು ಬಸವಣ್ಣಪ್ರಿಯ ಚೆನ್ನಸಂಗಯ್ಯ, ಗಂಗಾಂಬಿಕೆಯದು ಗಂಗಾಪ್ರಿಯ ಕೂಡಲಸಂಗಮದೇವ. ನೀಲಾಂಬಿಕೆ ಮಾತ್ರ ಎಲ್ಲ ವಿಶೇಷಣಗಳನ್ನೂ ತೆಗೆದುಹಾಕಿ ಬರೀ 'ಸಂಗಯ್ಯ' ಎಂದಳು.

ಆ ಮನೆಯ ಖರ್ಚನ್ನು ನೆನೆದರೆ ನನಗೆ ತಲೆ ಸುತ್ತುತ್ತದೆ. ದಿನವೂ ಬರುವ ಜಂಗಮರಿಗೆಲ್ಲ ದಾಸೋಹ. ಭಂಡಾರದ ಹಣ ಹೀಗೆ ಹರಿದುಹೋಗುತ್ತಿದೆ ಎಂದು ಆಗದವರು ಬಿಜ್ಜಳನ ಕಿವಿಯೂದಿದರು. ಪೆಟ್ಟಿಗೆ ತೆರೆಸಿ ಎಣಿಸಿದಾಗ ಲೆಕ್ಕ ಸರಿಯಾಗಿತ್ತು ಎಂದು ಕಾವ್ಯಗಳು ಹೇಳುತ್ತವೆ, ಅದನ್ನೊಂದು ಪವಾಡವಾಗಿ. ಗಂಡನ ಲೆಕ್ಕವೇನೋ ಸರಿಹೋಯಿತು. ಅಡುಗೆಮನೆಯ ಲೆಕ್ಕ ಕೇಳಿದವರು ಯಾರು? ದನ ಕದ್ದ ಕಳ್ಳರಿಗೆ, ಕರುಗಳು ಹಸಿದಾವು ಎಂದು ಅವುಗಳನ್ನೂ ಹೊಡೆದು ಕಳಿಸಿದ ದೊಡ್ಡ ಮನಸ್ಸು ಆತನದು. ಬೆಳಗಾದರೆ ಬಂದವರಿಗೆ ಹಾಲೆಲ್ಲಿ ಎಂದು ಹುಡುಕಬೇಕಾದವರು ಒಳಗಿದ್ದರು. ಒಬ್ಬ ಜಂಗಮ ಗಂಗಾಂಬಿಕೆ ಉಟ್ಟ ಸೀರೆಯೇ ಬೇಕೆಂದು ಹಟ ಹಿಡಿದ ಕಥೆಯೂ ಇದೆ. ಆಕೆ ಕೊಟ್ಟಳು. ಕವಿಗಳು ಅದನ್ನು ಬಸವಣ್ಣನ ಭಕ್ತಿಯ ಖಾತೆಗೆ ಜಮಾ ಮಾಡಿದ್ದಾರೆ. ಸೀರೆ ಯಾರದು ಎಂದು ಮೊದಲು ನೋಡುವವಳು ನಾನು. ಕೊರಿಯಾದ ಆ ಲಂಗದ ಕಥೆ ಓದಿದಾಗ ನನಗೆ ತಟ್ಟನೆ ನೆನಪಾದದ್ದು ಇದೇ.

ಹಾಗೆಂದು ಆ ಹೆಂಗಸರು ಬಾಯಿಲ್ಲದವರೆಂದು ತಿಳಿಯಬಾರದು. ಕಲ್ಯಾಣದ ಗಾಳಿಯೇ ಹಾಗಿರಲಿಲ್ಲ. ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಶರಣ ಮಾರಯ್ಯ ಒಂದು ದಿನ ಬಸವಣ್ಣನ ಅಂಗಳದಿಂದ ಒಂದಿಷ್ಟು ಹೆಚ್ಚು ಅಕ್ಕಿ ಆಯ್ದು ತಂದದ್ದಕ್ಕೆ ಹೆಂಡತಿ ಲಕ್ಕಮ್ಮ, ಆಸೆ ರಾಜರಿಗಿರಲಿ ನಮಗೇಕೆ ಎಂದು ಗದರಿ, ತಂದಲ್ಲೇ ಸುರಿದು ಬಾ ಎಂದು ಕಳಿಸಿದ ಊರದು. ಸದಾ ಬಸವಣ್ಣನ ಬಳಿಯಿದ್ದ, ಈಗಿನ ಮಾತಿನಲ್ಲಿ ಪಿ.ಎಸ್. ಎನ್ನಬಹುದಾದ ಹಡಪದ ಅಪ್ಪಣ್ಣನ ಹೆಂಡತಿ ಲಿಂಗಮ್ಮ ಕೂಡ ವಚನಕಾರ್ತಿ.

ಆಮೇಲಿನದು ಎಲ್ಲರಿಗೂ ಗೊತ್ತು. ಸಮಗಾರ ಹರಳಯ್ಯನ ಮಗ ಶೀಲವಂತನಿಗೆ ಬ್ರಾಹ್ಮಣ ಮಂತ್ರಿ ಮಧುವರಸನ ಮಗಳು ಲಾವಣ್ಯಳನ್ನು ಕೊಟ್ಟು ಮದುವೆಯಾಯಿತು. ಇಬ್ಬರು ಅಪ್ಪಂದಿರಿಗೂ ಎಳೆಹೂಟೆ ಶಿಕ್ಷೆ. ಕಲ್ಯಾಣ ಹೊತ್ತಿ ಉರಿಯಿತು, ಸುಮಾರು 1167–68ರಲ್ಲಿ ಬಿಜ್ಜಳನ ಕೊಲೆಯಾಯಿತು. ಇಲ್ಲಿ ಬಸವೇಶ್ವರನಗರದ ನಡುವೆ ಹಾವನೂರು ವೃತ್ತವಿದೆ. 1972ರಲ್ಲಿ ರಚನೆಯಾದ ಕರ್ನಾಟಕದ ಮೊದಲ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷ ಎಲ್.ಜಿ. ಹಾವನೂರರ ಹೆಸರು. ಯಾರು ಯೋಚಿಸಿ ಇಟ್ಟರೋ, ಯೋಚಿಸದೆ ಇಟ್ಟರೋ, ಬಸವಣ್ಣನಿಗೆ ಇದಕ್ಕಿಂತ ಒಳ್ಳೆಯ ನೆರೆ ಸಿಗುವುದು ಕಷ್ಟ.

ಕಲ್ಯಾಣದ ಆ ಮನೆ ಒಡೆದು ದಿಕ್ಕಾಪಾಲಾಯಿತು. ಬಸವಣ್ಣ ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮಕ್ಕೆ ಹೋದ. ಅಕ್ಕ, ಅಳಿಯ, ಗಂಗಾಂಬಿಕೆ, ಉಳಿದ ಶರಣರು ಸೈನ್ಯದೊಡನೆ ಕಾದಾಡುತ್ತ ಪಶ್ಚಿಮಕ್ಕೆ ಸರಿದರು. ಗಂಗಾಂಬಿಕೆಯ ಪಯಣ ಮಲಪ್ರಭೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ನಿಂತಿತು. ಬೆಂಗಳೂರಿನಿಂದ ಬೆಳಗಾವಿಗೆ ಹೋಗುವ ರಾತ್ರಿ ಬಸ್ಸು ಆ ಹೊಳೆ ದಾಟುವಾಗ ಸ್ಲೀಪರಿನಲ್ಲಿ ಎಲ್ಲರಿಗೂ ಗಾಢ ನಿದ್ದೆ. ಚೆನ್ನಬಸವಣ್ಣ ಉತ್ತರ ಕನ್ನಡದ ಕಾಡು ಹೊಕ್ಕು ಉಳವಿಯಲ್ಲಿ ಐಕ್ಯನಾದ. ಅವನ ಜಾತ್ರೆಗೆ ಬೆಳಗಾವಿ, ಧಾರವಾಡದ ರೈತರು ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ನಾಗಲಾಂಬಿಕೆಯ ಕೊನೆಯ ನೆಲೆ ತರೀಕೆರೆ ಎನ್ನುತ್ತಾರೆ, ನಮ್ಮ ಶಿವಮೊಗ್ಗದ ರೈಲು ನಿಲ್ಲುವ ತರೀಕೆರೆ. ಒಂದೇ ಸೂರಿನಡಿ ಉಂಡವರ ಗದ್ದುಗೆಗಳನ್ನು ನೋಡಿಬರಲು ಅರ್ಧ ಕರ್ನಾಟಕ ಸುತ್ತಬೇಕು.

ನೀಲಾಂಬಿಕೆಯದೇ ಬೇರೆ. ಆಕೆಯನ್ನು ಕರೆತಾ ಎಂದು ಬಸವಣ್ಣ ಸಂಗಮದಿಂದ ಅಪ್ಪಣ್ಣನನ್ನು ಕಳಿಸಿದ. ಅಪ್ಪಣ್ಣನ ಜೊತೆ ಆಕೆ ಕೃಷ್ಣೆಯ ದಡದ ತಂಗಡಗಿಯವರೆಗೆ ಬಂದಳು. ಅಲ್ಲಿ ಇರುವ ಸಂಗಯ್ಯ ಇಲ್ಲಿಲ್ಲವೇ ಎಂಬ ಅರ್ಥದ ಮಾತಾಡಿ ಅಲ್ಲೇ ನಿಂತಳು. ಅಷ್ಟರಲ್ಲಿ ಬಸವಣ್ಣ ಐಕ್ಯನಾಗಿದ್ದ ಎಂದೂ ಹೇಳುತ್ತಾರೆ. ಗಂಡ ಬಾ ಎಂದದ್ದಕ್ಕೆ ಹೋಗದೆ ನಿಂತದ್ದನ್ನು ನಮ್ಮ ಪರಂಪರೆ ತಪ್ಪೆಂದು ಬರೆಯಲಿಲ್ಲ, ದೊಡ್ಡ ಅರಿವೆಂದು ಬರೆಯಿತು. ಅದು ಕಲ್ಯಾಣದ ನಿಜವಾದ ಗೆಲುವು ಎಂದು ನನಗನ್ನಿಸುತ್ತದೆ. ಅಪ್ಪಣ್ಣನೂ ಹಿಂದಿರುಗಲಿಲ್ಲ, ಅವನ ಗದ್ದುಗೆಯೂ ತಂಗಡಗಿಯಲ್ಲೇ ಇದೆ.

ನಮ್ಮ ಬಡಾವಣೆಯಲ್ಲಿ ಮೇನುಗಳಿಗೂ ಕ್ರಾಸುಗಳಿಗೂ ಬಹುಪಾಲು ಅಂಕೆಗಳೇ ಇವೆ. ಒಂದು ಕ್ರಾಸಿಗಾದರೂ ನೀಲಾಂಬಿಕೆಯ ಹೆಸರಿಡಬಾರದೇಕೆ ಎಂದು ಸಂಜೆ ಪಾರ್ಕಿನಲ್ಲಿ ವಿಷಯ ತೆಗೆದೆ. ನಿವೃತ್ತರೊಬ್ಬರು ಆಧಾರ್, ಗ್ಯಾಸು, ಖಾತಾ ಎಲ್ಲದರಲ್ಲೂ ವಿಳಾಸ ತಿದ್ದಿಸಬೇಕಾಗುತ್ತದೆ ಎಂದು ಬೆಚ್ಚಿದರು. ಅವರ ಹೆಂಡತಿಗೆ ಆ ಚಿಂತೆಯಿರಲಿಲ್ಲ.

"ಕಿರಿಯವಳಿಗೆ ಕ್ರಾಸ್ ಕೊಟ್ಟರೆ ಗಂಗಾಂಬಿಕೆಗೆ ಮೇನೇ ಕೊಡಬೇಕು ಕಣ್ರೀ," ಎಂದರು. "ಸೀರೆ ಕೊಟ್ಟವಳು ಅವಳು."